ಹೊಳೆಪಂಡಿತೆ ತುಂಗಿ

ಮಕ್ಕಳೇ, ಕೆಂಜಳ ಎಂಬ ಹೊಳೆಯ ಹೆಸರನ್ನು ನೀವು ಕೇಳಿರಲಿಕ್ಕಿಲ್ಲ. ಭೂಪಟದಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ದೊಡ್ಡದೊಂದು ಬಿದಿರುಕಾಡನ್ನು ಎರಡಾಗಿ ಸೀಳಿಕೊಂಡು ಹರಿಯುತ್ತಿದ್ದ ಹೊಳೆ ಅದು. ಮಳೆಗಾಲ ಬಂತೆಂದರೆ ಗುಡ್ಡದ ಮಣ್ಣನ್ನೆಲ್ಲ ಕಲಸಿಕೊಂಡು ಕೆಂಪಗೆ ಉಕ್ಕುತ್ತಿತ್ತು.

ಹೊಳೆಯ ಈಚೆ ದಡ ತಗ್ಗು, ಆಚೆ ದಡ ಎತ್ತರ. ಮಳೆ ಜೋರಾದರೆ ಈಚೆ ದಡವೆಲ್ಲ ಕೆಸರೋ ಕೆಸರು. ಜಿಂಕೆಗಳ ತೆಳ್ಳನೆಯ ಕಾಲು ಅದರಲ್ಲಿ ಹೂತುಕೊಂಡರೆ ಮುಗಿಯಿತು, ಹುಲಿಗೆ ಕೂತಲ್ಲೇ ಊಟ. ಹಾಗಾಗಿ ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮುಂಚೆ, ಜಿಂಕೆಗಳ ಹಿಂಡು ಹೊಳೆ ದಾಟಿ ಆಚೆ ದಡದ ಗುಡ್ಡಕ್ಕೆ ಹೋಗಲೇಬೇಕಿತ್ತು.

ಆದರೆ ದಾಟುವುದೇನು ಸುಲಭವೇ? ಹೊಳೆಯ ತುಂಬ ಮಡು, ಸುಳಿ. ಮಡುವಿನಲ್ಲಿ ಮೊಸಳೆ. ದಾರಿ ಬಲ್ಲವರು ಮುಂದೆ ಇರದಿದ್ದರೆ ಒಂದು ಮರಿಯೂ ಆಚೆ ದಡ ಸೇರುತ್ತಿರಲಿಲ್ಲ.

ಒಂಬತ್ತು ವರ್ಷಗಳಿಂದ ಆ ಕೆಲಸ ಮಾಡುತ್ತಿದ್ದವಳು ಈರತ್ತೆ ಎಂಬ ನೀರುನಾಯಿ. ಅವಳ ಮೈಮೇಲೆ ಅಲ್ಲಲ್ಲಿ ಕೂದಲು ಉದುರಿತ್ತು. ಬಾಲ ಅರ್ಧವೇ ಇತ್ತು. ಆದರೆ ಅವಳು ಮುಂದೆ ಈಜುತ್ತಾ "ಸ್ವೀ... ಸ್ವೀ..." ಎಂದು ಸಿಳ್ಳೆ ಹಾಕಿದಳೆಂದರೆ ಇಡೀ ಹಿಂಡು ಧೈರ್ಯವಾಗಿ ನೀರಿಗಿಳಿಯುತ್ತಿತ್ತು.

ಈರತ್ತೆಗೆ ಒಬ್ಬ ತಮ್ಮನಿದ್ದ. ಅವನ ಮಗಳೇ ನಮ್ಮ ತುಂಗಿ.

ತುಂಗಿ ಬಲು ಚುರುಕು. ಮುಳುಗಿದರೆ ಮೀನಿನೊಂದಿಗೇ ಏಳುತ್ತಿದ್ದಳು. "ದೊಡ್ಡವಳಾದ ಮೇಲೆ ಏನಾಗ್ತೀಯೇ?" ಎಂದು ಯಾರು ಕೇಳಿದರೂ ಒಂದೇ ಉತ್ತರ: "ಹೊಳೆ ದಾಟಿಸುವವಳಾಗ್ತೀನಿ!"

ಅವಳಿಗೆ ಒಂದೂವರೆ ವರ್ಷವಾದಾಗ ಈರತ್ತೆ ಕರೆದಳು. "ಬಾರೇ ತುಂಗಿ, ಇವತ್ತಿನಿಂದ ನನ್ನ ಜೊತೆ ಹೊಳೆ ಸುತ್ತು. ಬೇಸಿಗೆಯಲ್ಲಿ ಒಂದು ಸಲ, ಮಳೆಯಲ್ಲಿ ಒಂದು ಸಲ, ನೀರು ಇಳಿದ ಮೇಲೆ ಒಂದು ಸಲ. ಹೀಗೆ ಎರಡು ವರ್ಷ ಸುತ್ತಿದರೆ ಹೊಳೆ ತಾನೇ ನಿನ್ನ ಹತ್ತಿರ ಮಾತಾಡುತ್ತೆ."

ತುಂಗಿ ಕಿವಿ ಕೆರೆದುಕೊಂಡಳು. "ಅತ್ತೆ, ಎರಡು ವರ್ಷ ಆದಮೇಲೆ ನೀವು ಎಲೆ ಕೊಡ್ತೀರಾ?"

"ಯಾವ ಎಲೆಯೇ?"

"ಆನೆಬಂಡೆಯ ಪಾಠಶಾಲೆಯಲ್ಲಿ ಕೊಡ್ತಾರಲ್ಲ, ಮುದ್ರೆ ಒತ್ತಿದ ಮುತ್ತುಗದ ಎಲೆ, ಅದು! ಅದನ್ನು ಕೊರಳಿಗೆ ಹಾಕಿಕೊಂಡು ಬಂದರೆ ಮುಳ್ಳುಹಂದಿಯೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತೆ. ನಿಮ್ಮ ಹತ್ತಿರ ಎಲೆ ಇದೆಯಾ ಅತ್ತೆ?"

"ಇಲ್ಲ ಕಣೇ."

"ಹಾಗಾದರೆ ನಾನು ಪಾಠಶಾಲೆಗೇ ಹೋಗ್ತೀನಿ," ಎಂದವಳೇ ತುಂಗಿ ಹೊರಟುಬಿಟ್ಟಳು.

ಆನೆಬಂಡೆ ಎಂದರೆ ಹೊಳೆಯ ಮಗ್ಗುಲಲ್ಲಿದ್ದ ಭಾರಿ ಬಂಡೆ. ಅದರ ಮೇಲೆ ಉದ್ದಂಡಯ್ಯ ಎಂಬ ಕೊಕ್ಕರೆ ಮೇಷ್ಟ್ರು ಪಾಠಶಾಲೆ ನಡೆಸುತ್ತಿದ್ದರು. ಒಂಟಿ ಕಾಲಿನಲ್ಲಿ ನಿಂತು, ಕೊಕ್ಕು ಮೇಲೆತ್ತಿ ಅವರು ಪಾಠ ಶುರುಮಾಡಿದರೆ ಕಪ್ಪೆಗಳೂ ಸುಮ್ಮನಾಗುತ್ತಿದ್ದವು. ಬಂಡೆಯ ಮೇಲೆ ಇಡೀ ಹೊಳೆಯ ಪಟ ಬರೆದಿತ್ತು. ಎಲ್ಲಿ ಮಡು, ಎಲ್ಲಿ ಮರಳು, ಎಲ್ಲಿ ಎಷ್ಟು ಆಳ, ಎಲ್ಲವೂ ಇತ್ತು. ಬಂಡೆಯ ಗುಳಿಯಲ್ಲಿ ನಿಂತ ಮಳೆನೀರಲ್ಲಿ ಈಜಿನ ಅಭ್ಯಾಸ.

"ಸುಳಿ ಎಷ್ಟು ವಿಧ?" ಎಂದು ಮೇಷ್ಟ್ರು ಕೇಳುವರು.

"ಏಳು ವಿಧ ಮೇಷ್ಟ್ರೇ!" ತುಂಗಿ ಎಲ್ಲರಿಗಿಂತ ಮೊದಲು ಕೂಗುವಳು.

"ಹೊಳೆ ದಾಟಲು ಸರಿಯಾದ ಜಾಗ?"

"ಹೊಳೆಮತ್ತಿ ಮರದ ಬುಡದಿಂದ ಆಚೆ ದಡದ ಜೋಡಿಬಂಡೆಗೆ ನೇರ ದಾರಿ! ಎಂಬತ್ತು ಹೆಜ್ಜೆ! ಮೊಣಕಾಲುದ್ದ ನೀರು!"

"ಭೇಷ್!" ಎನ್ನುವರು ಮೇಷ್ಟ್ರು.

ಎರಡು ವರ್ಷ ಹೀಗೇ ಕಳೆಯಿತು. ಪರೀಕ್ಷೆಯಲ್ಲಿ ತುಂಗಿಯೇ ಮೊದಲು. ಉದ್ದಂಡಯ್ಯ ಮೇಷ್ಟ್ರು ಕೆಂಪು ಮಣ್ಣಿನಲ್ಲಿ ಪಾದ ಅದ್ದಿ ಮುತ್ತುಗದ ಎಲೆಯ ಮೇಲೆ ಪಟ್ಟನೆ ಮುದ್ರೆ ಒತ್ತಿದರು. ಬಳ್ಳಿಯಲ್ಲಿ ಪೋಣಿಸಿ ಅವಳ ಕೊರಳಿಗೆ ಹಾಕಿದರು. "ಇವತ್ತಿನಿಂದ ನೀನು ಹೊಳೆಪಂಡಿತೆ!" ಎಂದರು.

ತುಂಗಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಓಡೋಡಿ ಕಾಡಿಗೆ ಬಂದಳು. ಸರಿಯಾದ ಹೊತ್ತಿಗೇ ಬಂದಿದ್ದಳು. ನೇರಳೆ ಮರದ ಕೆಳಗೆ ಜಿಂಕೆಗಳ ಸಭೆ ಸೇರಿತ್ತು. ಮಾರನೆಯ ದಿನವೇ ಹೊಳೆ ದಾಟುವುದಿತ್ತು.

ಹಿಂಡಿನ ಯಜಮಾನ ಕವಲಣ್ಣ. ತಲೆಯ ಮೇಲೆ ಮರದ ಕೊಂಬೆಯಂಥ ಕೋಡು, ಮಾತಿನಲ್ಲಿ ಗತ್ತು. ತುಂಗಿಯ ಕೊರಳಲ್ಲಿದ್ದ ಎಲೆಯನ್ನು ನೋಡಿದ್ದೇ ಅವನ ಕಣ್ಣು ಅರಳಿತು.

"ಆಹಾ! ಎಂಥ ಮುದ್ರೆ! ಎಂಥ ಬಣ್ಣ!" ಎಂದ. "ಈರಮ್ಮ, ನೀವು ಇಷ್ಟು ವರ್ಷ ದಾಟಿಸಿದ್ದೀರಿ, ಇಲ್ಲ ಅನ್ನೋಲ್ಲ. ಆದರೆ ನಿಮ್ಮ ಹತ್ತಿರ ತೋರಿಸೋಕೆ ಏನಿದೆ?"

ಈರತ್ತೆ ಒಮ್ಮೆ ಹಿಂದೆ ತಿರುಗಿ ನೋಡಿದಳು. "ಅರ್ಧ ಬಾಲ ಇದೆ," ಎಂದಳು.

ಸಭೆ ಗೊಳ್ಳೆಂದು ನಕ್ಕಿತು. ಈರತ್ತೆ ನಗಲಿಲ್ಲ. "ಮೊದಲನೇ ವರ್ಷ ನಾನೂ ಗೊತ್ತಿಲ್ಲದೆ ಮಡುವಿನ ಹತ್ತಿರ ಹೋದೆ. ಎರಡು ಮರಿ ಹೋದವು. ಅವನ್ನು ಬಿಡಿಸೋಕೆ ಹೋಗಿ ನನ್ನ ಬಾಲವೂ ಹೋಯಿತು. ಆಮೇಲೆ ಹತ್ತು ವರ್ಷ ಒಂದು ಮರಿಯನ್ನೂ ಕಳಕೊಂಡಿಲ್ಲ," ಎಂದಳು.

"ನೋಡಿ, ನೋಡಿ! ಅವರೇ ಒಪ್ಪಿಕೊಂಡರು, ತಪ್ಪಿದ್ದೇನೆ ಅಂತ!" ಕವಲಣ್ಣ ಕೋಡು ಕುಣಿಸಿದ. "ತುಂಗಿ, ನೀನು ಯಾವತ್ತಾದರೂ ತಪ್ಪಿದ್ದೀಯಾ?"

"ಒಂದು ಸಲವೂ ಇಲ್ಲ. ನೂರಕ್ಕೆ ನೂರು!" ಎಂದಳು ತುಂಗಿ.

"ಮುಗಿಯಿತಲ್ಲ! ಈ ವರ್ಷ ತುಂಗಿಯೇ ದಾಟಿಸಲಿ."

ಹಿಂಡಿನಲ್ಲಿ ತಾರಕ್ಕ ಎಂಬ ಹೆಣ್ಣು ಜಿಂಕೆ ಇದ್ದಳು. ಅವಳ ಮರಿ ಬೊಟ್ಟು ಹುಟ್ಟಿ ಇನ್ನೂ ಇಪ್ಪತ್ತು ದಿನವಾಗಿರಲಿಲ್ಲ. "ಯಜಮಾನರೇ, ಈರಕ್ಕನೂ ಜೊತೆಗಿದ್ದರೆ..." ಎಂದು ಅವಳು ಮೆಲ್ಲಗೆ ಬಾಯಿಬಿಟ್ಟಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಸಭೆ ಚೆದುರಿದ ಮೇಲೆ ಈರತ್ತೆ ತುಂಗಿಯ ಬಳಿಗೆ ಬಂದಳು. "ಮಗಾ, ಒಂದು ಮಾತು. ಹೊಳೆಮತ್ತಿ ಮರದ ಹತ್ತಿರ ಇಳಿಯಬೇಡ. ಹೋದ ಮಳೆಗಾಲದಲ್ಲಿ ಅಲ್ಲಿಯ ಮರಳನ್ನೆಲ್ಲ ಹೊಳೆ ಎತ್ತಿಕೊಂಡು ಹೋಗಿದೆ. ಈ ಬೇಸಿಗೆಯಲ್ಲಿ ನಾನೇ ಇಳಿದು ನೋಡಿದ್ದೀನಿ. ಕೆಳಗೆ, ತಿರುವಿನ ಹತ್ತಿರ..."

"ಅತ್ತೆ, ಪಟದಲ್ಲಿ ಹಾಗಿಲ್ಲ," ತುಂಗಿ ನಡುವೆಯೇ ತಡೆದಳು. "ಹೊಳೆಮತ್ತಿಯಿಂದ ಜೋಡಿಬಂಡೆಗೆ ಎಂಬತ್ತು ಹೆಜ್ಜೆ, ಮೊಣಕಾಲುದ್ದ ನೀರು."

"ಹೊಳೆ ಪಟ ನೋಡಿಕೊಂಡು ಹರಿಯುತ್ತೇನೇ?"

"ನೀವು ಓದಿದ್ದರೆ ಹೀಗೆ ಮಾತಾಡ್ತಿರಲಿಲ್ಲ ಅತ್ತೆ," ಎಂದುಬಿಟ್ಟಳು ತುಂಗಿ.

ಈರತ್ತೆ ಅರ್ಧ ಬಾಲ ಎಳೆದುಕೊಂಡು ಹೊರಟುಹೋದಳು.

ಮಾರನೆಯ ಬೆಳಿಗ್ಗೆ ಸೂರ್ಯ ಮೇಲೇರಿದ್ದ. ಹೊಳೆಮತ್ತಿ ಮರದ ಕೆಳಗೆ ಮೂವತ್ತೆಂಟು ಜಿಂಕೆಗಳು ಸಾಲಾಗಿ ನಿಂತವು. ಇಲ್ಲಿ ಬಿಸಿಲೇನೋ ಚೆನ್ನಾಗಿತ್ತು. ಆದರೆ ದೂರದ ಬೆಟ್ಟದ ತುದಿ ಕಪ್ಪು ಮೋಡದೊಳಗೆ ಮುಳುಗಿತ್ತು. ಹೊಳೆಯ ನೀರಿನ ಮೇಲೆ ಬಿಳಿ ನೊರೆಯ ಚೂರು, ಒಣ ಬಿದಿರೆಲೆ ತೇಲಿ ಬರುತ್ತಿತ್ತು. ತುಂಗಿ ಅದನ್ನು ನೋಡಿದಳು. ಏನೆಂದು ಅವಳಿಗೆ ತಿಳಿಯಲಿಲ್ಲ. ಪಾಠದಲ್ಲಿ ಬಿದಿರೆಲೆಯ ವಿಷಯ ಇರಲಿಲ್ಲ.

"ಎಲ್ಲರೂ ನನ್ನ ಹಿಂದೆ!" ಎಂದು ಸಿಳ್ಳೆ ಹಾಕಿ ತುಂಗಿ ನೀರಿಗೆ ಧುಮುಕಿದಳು.

ಹತ್ತು ಹೆಜ್ಜೆ. ನೀರು ಮೊಣಕಾಲಿಗೆ. ಇಪ್ಪತ್ತು ಹೆಜ್ಜೆ. ಆಗಲೂ ಮೊಣಕಾಲಿಗೇ! "ನೋಡಿದಿರಾ?" ಎಂದು ತುಂಗಿ ಹೆಮ್ಮೆಯಿಂದ ಹಿಂತಿರುಗಿ ನೋಡಿದಳು.

ಅಷ್ಟರಲ್ಲಿ ಕವಲಣ್ಣ ಮುಂದಿನ ಹೆಜ್ಜೆ ಇಟ್ಟ. ಅಲ್ಲಿ ನೆಲವೇ ಇರಲಿಲ್ಲ!

ಬುಳುಕ್! ಕೋಡು ಸಮೇತ ಯಜಮಾನ ಮುಳುಗಿದ. ಹಿಂದಿದ್ದವರು ನಿಲ್ಲುವಷ್ಟರಲ್ಲಿ ಅವರ ಹಿಂದಿದ್ದವರು ದೂಡಿದರು. ಐದು, ಹತ್ತು, ಇಪ್ಪತ್ತು ಜಿಂಕೆಗಳು ಒಂದರ ಮೇಲೊಂದು ಆಳಕ್ಕೆ ಬಿದ್ದವು. ನೀರು ಸೆಳೆಯಿತು. ಮರಿಗಳು ಕಿರುಚಿದವು.

"ತುಂಗಿ! ದಾರಿ ಎಲ್ಲಿ? ದಾರಿ ತೋರಿಸು!" ಕವಲಣ್ಣ ಮೂಗು ಮೇಲೆತ್ತಿ ಕೂಗಿದ.

ತುಂಗಿ ಮೂರನೇ ಪಾಠ ನೆನಪಿಸಿಕೊಂಡಳು. ಅದು ಸುಳಿಯ ವಿಧಗಳ ಬಗ್ಗೆ ಇತ್ತು. ಐದನೇ ಪಾಠ ನೆನಪಿಸಿಕೊಂಡಳು. ಅದು ಮೀನಿನ ವಿಧಗಳ ಬಗ್ಗೆ ಇತ್ತು. ಎಂಟನೇ ಪಾಠದ ಕೊನೆಯಲ್ಲಿ 'ಅಪಾಯದಲ್ಲಿ ಗಾಬರಿಯಾಗಬಾರದು' ಎಂದಿತ್ತು. ಆದರೆ ಗಾಬರಿ ಆಗಲೇ ಆಗಿಬಿಟ್ಟಿತ್ತು! ಕೊರಳಿನ ಎಲೆ ನೀರಿನಲ್ಲಿ ನೆನೆದು, ಹರಿದು, ಎತ್ತಲೋ ತೇಲಿಹೋಯಿತು.

ಆಗಲೇ ಮಡುವಿನ ಕಡೆಯಿಂದ ನೀರನ್ನು ಸೀಳಿಕೊಂಡು ಒಂದು ಗೆರೆ ಬರುತ್ತಿರುವುದು ಕಾಣಿಸಿತು. ಗೆರೆಯ ತುದಿಯಲ್ಲಿ ಎರಡು ಕಣ್ಣು.

"ಮೊಸಳೆ! ಮೊಸಳೆ!"

"ಸ್ವೀ...!" ದಡದಿಂದ ಒಂದು ಸಿಳ್ಳೆ ಕೇಳಿತು.

ಈರತ್ತೆ! ಬೆಳಗಿನಿಂದ ಪೊದೆಯ ಮರೆಯಲ್ಲಿ ಕೂತು ಹೊಳೆಯನ್ನೇ ನೋಡುತ್ತಿದ್ದವಳು ಬಾಣದಂತೆ ನೀರಿಗೆ ನೆಗೆದಳು. ಎರಡು ಮುಳುಗಿನಲ್ಲಿ ತುಂಗಿಯ ಪಕ್ಕ ಬಂದಳು.

"ಅತ್ತೆ, ಹಿಂದಕ್ಕೆ ಹೋಗೋಣವಾ?"

"ಬೇಡ! ಮೇಲೆ ಬೆಟ್ಟದಲ್ಲಿ ಮಳೆಯಾಗಿದೆ. ನೊರೆ, ಬಿದಿರೆಲೆ ಬಂತೆಂದರೆ ಹಿಂದೆಯೇ ದೊಡ್ಡ ನೀರು ಬರುತ್ತೆ. ಈಗ ಹಿಂದಕ್ಕೆ ಹೋದರೆ ತಿಂಗಳುಗಟ್ಟಲೆ ದಾಟೋಕಾಗಲ್ಲ. ಕೇಳು, ಹೊಳೆಗೆ ಎದುರು ಬೀಳಬೇಡ. ಅದು ಎಳೆದ ಕಡೆಗೇ ಓರೆಯಾಗಿ ಹೋಗು. ಕೆಳಗೆ ತಿರುವಿನ ಹತ್ತಿರ ನೀರೊಳಗೆ ಹಾಸುಬಂಡೆ ಇದೆ. ಅದರ ಮೇಲೆ ಹತ್ತಿಸಿದರೆ ಆಚೆ ದಡ ಸಿಕ್ಕ ಹಾಗೆ."

"ಬಂಡೆ ಎಲ್ಲಿ ಅತ್ತೆ? ಕಾಣ್ತಾ ಇಲ್ಲವಲ್ಲ!"

"ಕಣ್ಣಿಗೆ ಕಾಣಲ್ಲ. ಹೊಟ್ಟೆಗೆ ಗೊತ್ತಾಗುತ್ತೆ. ನೀರು ತಣ್ಣಗಿದ್ದರೆ ಆಳ. ಬೆಚ್ಚಗಾದರೆ ಕೆಳಗೆ ಬಂಡೆ ಇದೆ ಅಂತ. ಬೆಚ್ಚನೆ ನೀರು ಹಿಡಿದು ಹೋಗು!"

"ನೀವು?"

"ನನಗೆ ಆ ಮೊಸಳೆ ಹಳೇ ಪರಿಚಯ. ಹೋಗೇ ಬೇಗ!"

ಈರತ್ತೆ ಸರ್ರನೆ ಮೊಸಳೆಯ ಮೂಗಿನ ಮುಂದಕ್ಕೇ ಹೋದಳು. ಅದರ ಕಣ್ಣಿಗೆ ಬಾಲದಿಂದ ಚಟಾರನೆ ನೀರು ಎರಚಿದಳು. "ಏನಯ್ಯಾ, ಉಳಿದರ್ಧ ಬಾಲ ಬೇಡವಾ ನಿನಗೆ?"

ಮೊಸಳೆಗೆ ಕೋಪ ನೆತ್ತಿಗೇರಿತು. ಜಿಂಕೆಗಳನ್ನು ಬಿಟ್ಟು ಅವಳ ಹಿಂದೆ ಬಿತ್ತು. ಈರತ್ತೆ ಹೊಳೆಮತ್ತಿ ಮರದ ಕಡೆಗೆ ಓಟ ಕಿತ್ತಳು. ಆ ಮರದ ದಪ್ಪ ದಪ್ಪ ಬೇರುಗಳು ನೀರೊಳಗೆ ಬಲೆಯಂತೆ ಹೆಣೆದುಕೊಂಡಿದ್ದವು. ಯಾವ ಸಂದಿನಲ್ಲಿ ನೀರುನಾಯಿ ತೂರಬಹುದು, ಯಾವುದರಲ್ಲಿ ಮೊಸಳೆ ತೂರಲಾರದು, ಎಲ್ಲವೂ ಅವಳಿಗೆ ಗೊತ್ತು. ಮೈಯನ್ನು ಸುರುಳಿ ಮಾಡಿ ಒಂದು ಸಂದಿನಲ್ಲಿ ಸುಯ್ ಎಂದು ನುಸುಳಿಬಿಟ್ಟಳು. ಹಿಂದೆಯೇ ಬಂದ ಮೊಸಳೆ ಬಾಯಿ ತೆರೆದುಕೊಂಡು ನುಗ್ಗಿತು. ಲಟಕ್! ಅದರ ಮೇಲ್ದವಡೆ ಬೇರಿನ ನಡುವೆ ಸಿಕ್ಕಿಕೊಂಡಿತು. ಎಳೆದರೂ ಬರದು, ದೂಡಿದರೂ ಹೋಗದು!

ಇತ್ತ ತುಂಗಿ ಕಣ್ಣು ಮುಚ್ಚಿದಳು. ಹೊಟ್ಟೆಗೆ ನೀರು ಕೊರೆಯುತ್ತಿತ್ತು. ತಣ್ಣಗೆ... ಇನ್ನೂ ತಣ್ಣಗೆ... ಎಡಕ್ಕೆ ಸರಿದಳು. ಮತ್ತೂ ತಣ್ಣಗೆ. ಬಲಕ್ಕೆ ಹೊರಳಿದಳು. ಅರೆ! ನೀರು ಹಿತವಾಗಿ ಬೆಚ್ಚಗಿದೆಯಲ್ಲ!

"ಸ್ವೀ! ಈ ಕಡೆ! ಎದುರು ಈಜಬೇಡಿ, ಹೊಳೆ ಎಳೆದ ಕಡೆಗೇ ಓರೆಯಾಗಿ ಬನ್ನಿ!" ಎಂದು ಕೂಗಿದಳು.

ಜಿಂಕೆಗಳು ಅವಳ ಸಿಳ್ಳೆ ಹಿಡಿದು ಬಂದವು. ತುಂಗಿ ಬೆಚ್ಚನೆಯ ನೀರಿನ ದಾರಿ ಬಿಡದೆ ಮುಂದೆ ಮುಂದೆ ಹೋದಳು. ಟಕ್! ಕವಲಣ್ಣನ ಗೊರಸಿಗೆ ಕಲ್ಲು ತಾಗಿತು. "ನೆಲ! ನೆಲ ಸಿಕ್ಕಿತು!" ಅವನು ಮರಿಯಂತೆ ಕುಣಿದುಬಿಟ್ಟ. ಒಂದೊಂದಾಗಿ ಜಿಂಕೆಗಳು ಹಾಸುಬಂಡೆ ಹತ್ತಿದವು. ಅಲ್ಲಿಂದ ನಾಲ್ಕು ನೆಗೆತಕ್ಕೆ ಆಚೆ ದಡ!

ದಡದಲ್ಲಿ ಕವಲಣ್ಣ ಎಣಿಸಿದ. ಮೂವತ್ತೈದು, ಮೂವತ್ತಾರು, ಮೂವತ್ತೇಳು. ಅಲ್ಲಿಗೆ ನಿಂತಿತು.

"ಬೊಟ್ಟು!" ತಾರಕ್ಕ ಚೀರಿದಳು. "ನನ್ನ ಬೊಟ್ಟು ಎಲ್ಲಿ?"

ಎಲ್ಲರೂ ಹೊಳೆಯತ್ತ ನೋಡಿದರು. ನಟ್ಟನಡುವೆ, ಮಡಿಕೆಯಷ್ಟು ಅಗಲದ ಒಂದು ಕಲ್ಲಿನ ಮೇಲೆ ಪುಟ್ಟ ಮರಿಯೊಂದು ನಾಲ್ಕೂ ಕಾಲು ಜೋಡಿಸಿಕೊಂಡು ಗಡಗಡ ನಡುಗುತ್ತಾ ನಿಂತಿತ್ತು. ನೀರು ಕೆಂಪಗಾಗುತ್ತಿತ್ತು. ಕಲ್ಲು ಸ್ವಲ್ಪ ಸ್ವಲ್ಪವೇ ಮುಳುಗುತ್ತಿತ್ತು. ಮೇಲಿನಿಂದ 'ಹೋ' ಎಂಬ ಸದ್ದು ಹತ್ತಿರವಾಗುತ್ತಿತ್ತು.

ತಾರಕ್ಕ ನೀರಿಗೆ ಹಾರಲು ಹೋದಳು. "ನಿಲ್ಲಿ ತಾರಕ್ಕ, ನಾನು ಹೋಗ್ತೀನಿ," ಎಂದು ತುಂಗಿ ಅಡ್ಡ ನಿಂತಳು.

ಈರತ್ತೆ ಎಲ್ಲೂ ಕಾಣಿಸುತ್ತಿರಲಿಲ್ಲ. ಕೇಳೋಣವೆಂದರೆ ಯಾರೂ ಇಲ್ಲ. ತುಂಗಿ ಹೊಳೆಯನ್ನು ನೋಡಿದಳು. ಎರಡು ವರ್ಷ ಬಂಡೆಯ ಮೇಲಿನ ಪಟ ನೋಡಿದ್ದಳೇ ಹೊರತು ಹೊಳೆಯನ್ನು ಹೀಗೆ ಒಂದು ದಿನವೂ ನೋಡಿರಲಿಲ್ಲ. ನೊರೆಯೊಂದು ತೇಲಿಬಂತು. ದಡದ ಹತ್ತಿರವಿದ್ದದ್ದು ಓರೆಯಾಗಿ ಸಾಗಿ, ನೇರ ಬೊಟ್ಟುವಿನ ಕಲ್ಲಿಗೆ ಬಡಿಯಿತು. 'ಓಹೋ, ನೀರು ಹೋಗುವುದು ಹೀಗೆ!' ತುಂಗಿ ದಡದ ಮೇಲೆ ಹಿಂದಕ್ಕೆ ಓಡಿದಳು. ನೊರೆ ಹೊರಟ ಜಾಗದಿಂದಲೇ ನೀರಿಗೆ ಹಾರಿದಳು. ಹೊಳೆಯೇ ಅವಳನ್ನು ಎತ್ತಿಕೊಂಡು ಹೋಗಿ ಕಲ್ಲಿನ ಬಳಿ ಬಿಟ್ಟಿತು.

"ಬೊಟ್ಟು, ನೆಗೆ!"

"ಹೆದರಿಕೆ ಆಗ್ತಿದೆ ಅಕ್ಕಾ!"

"ನನಗೂ ಆಗ್ತಿದೆ ಕಣೋ! ಇಬ್ಬರೂ ಹೆದರಿಕೊಂಡೇ ಹೋಗೋಣ, ಬಾ!"

ಬೊಟ್ಟು ಕಣ್ಣುಮುಚ್ಚಿ ನೆಗೆಯಿತು. ತುಂಗಿ ಕೆಳಗಿನಿಂದ ಅದರ ಎದೆಗೆ ಬೆನ್ನು ಕೊಟ್ಟಳು. ತಣ್ಣನೆಯ ನೀರು. ಕಾಲು ಬಡಿದಳು. ಇನ್ನೂ ತಣ್ಣಗೆ. ಮೂಗಿಗೆ ನೀರು ಹೋಯಿತು, ಕಣ್ಣಿಗೆ ಮಣ್ಣು ತುಂಬಿತು. ಸದ್ದು ಗುಡುಗಿನಂತೆ ಕೇಳಿತು. ಆಗ ಹೊಟ್ಟೆಗೆ ಬೆಚ್ಚನೆ ತಾಗಿತು. ಬಂಡೆ! ಕವಲಣ್ಣ ಬಂಡೆಯ ತುದಿಯವರೆಗೂ ಬಂದು ಕೋಡು ಚಾಚಿ ನಿಂತಿದ್ದ. ತುಂಗಿ ಮರಿಯನ್ನು ಮೇಲಕ್ಕೆ ದೂಡಿದಳು. ಅವನು ಕೋಡಿನಿಂದ ತಡೆದು ದಡದತ್ತ ನೂಕಿದ. ಮೂವರೂ ಓಡಿದರು.

ದಡ ಹತ್ತಿ ಹಿಂತಿರುಗುವಷ್ಟರಲ್ಲಿ ಮರದೆತ್ತರದ ಕೆಂಪು ನೀರು ಧೋ ಎಂದು ಬಂದು ಆ ಕಲ್ಲು, ಆ ಹಾಸುಬಂಡೆ, ಎಲ್ಲವನ್ನೂ ನುಂಗಿಹಾಕಿತು.

ಮೂವತ್ತೆಂಟು! ಜಿಂಕೆಗಳು ಕುಣಿದವು, ಕೂಗಿದವು. ತಾರಕ್ಕ ಬೊಟ್ಟುವನ್ನು ತಲೆಯಿಂದ ಬಾಲದವರೆಗೆ ನೆಕ್ಕಿದಳು. ಆಮೇಲೆ ತುಂಗಿಯನ್ನೂ ನೆಕ್ಕಿದಳು.

ಆದರೆ ತುಂಗಿ ಕುಣಿಯಲಿಲ್ಲ. "ಅತ್ತೆ..." ಎನ್ನುತ್ತಾ ದಡದುದ್ದಕ್ಕೂ ಓಡಿದಳು. "ಅತ್ತೇ! ಈರತ್ತೇ!" ನೀರಿನ ಭೋರ್ಗರೆತ ಬಿಟ್ಟು ಬೇರೆ ಉತ್ತರವಿಲ್ಲ. ತಿರುವಿನಾಚೆ ಒಂದು ಬಿದಿರುಮೆಳೆ ನೀರಿಗೆ ಬಾಗಿತ್ತು. ಅದರ ಬುಡದಲ್ಲಿ, ದೊಡ್ಡ ನೀರು ತಂದೆಸೆದ ಕೆಸರುಮುದ್ದೆಯೊಂದು ಬಿದ್ದಿತ್ತು. ಕೆಸರುಮುದ್ದೆ ಕೆಮ್ಮಿತು!

"ಅತ್ತೆ!" ತುಂಗಿ ಅಳುತ್ತಾ ಅವಳನ್ನು ತಬ್ಬಿಕೊಂಡಳು.

"ಮೆಲ್ಲಗೆ ಕಣೇ, ಪಕ್ಕೆ ಮುರಿಯುತ್ತೆ," ಎಂದಳು ಈರತ್ತೆ. "ಆ ಮೊಸಳೆಯಪ್ಪನಿಗೆ ಒಂದು ವಾರ ದವಡೆ ನೋವಂತೂ ಗ್ಯಾರಂಟಿ. ಎಷ್ಟು ಜನ ದಾಟಿದರು?"

"ಮೂವತ್ತೆಂಟು."

"ಮರಿಗಳು?"

"ಎಲ್ಲವೂ ಸೇರಿ ಅತ್ತೆ." ತುಂಗಿ ಬಿಕ್ಕಿದಳು. "ನಿನ್ನೆ ನಾನು ನಿಮಗೆ ಏನೇನೋ ಅಂದುಬಿಟ್ಟೆ."

"ಅಂದೆ. ನನಗೆ ಬೇಜಾರೂ ಆಯಿತು," ಎಂದಳು ಈರತ್ತೆ. "ಈಗಿಲ್ಲ, ಬಿಡು."

ಅಷ್ಟರಲ್ಲಿ ಹಿಂಡೂ ಬಂತು. ಕವಲಣ್ಣ ತಲೆ ತಗ್ಗಿಸಿದ. ಕೋಡು ಮಣ್ಣಿಗೆ ತಾಗಿತು. "ಈರಮ್ಮ, ನಿಮ್ಮ ಒಂದು ತಪ್ಪನ್ನು ಹಿಡಿದು ಆಡಿಕೊಂಡೆ. ಹತ್ತು ವರ್ಷ ಕಾಪಾಡಿದ್ದನ್ನು ಮರೆತೆ. ನನ್ನಿಂದ ಇಡೀ ಹಿಂಡೇ ಮುಳುಗುತ್ತಿತ್ತು. ತಪ್ಪಾಯಿತು," ಎಂದ.

ಆಗ ಮೇಲಿನಿಂದ ರೆಕ್ಕೆಯ ಸದ್ದು. ಉದ್ದಂಡಯ್ಯ ಮೇಷ್ಟ್ರು ಬಂದು ಇಳಿದರು.

"ಶಹಭಾಷ್ ತುಂಗಿ! ಮೇಲಿನಿಂದ ನೋಡುತ್ತಲೇ ಇದ್ದೆ. ನಮ್ಮ ಪಾಠಶಾಲೆಗೆ ಹೆಸರು ತಂದೆ!" ಎಂದರು. "ಇನ್ನೊಂದು ವರ್ಷ ಬಂದು ಓದು. ದೊಡ್ಡ ತೇಗದ ಎಲೆ ಕೊಡುತ್ತೇನೆ, ಎರಡು ಮುದ್ರೆ ಒತ್ತಿ! ಮಹಾಪಂಡಿತೆ ಎಂಬ ಬಿರುದು. ಆಮೇಲೆ ನೀನೇ ಅಲ್ಲಿ ಮೇಡಂ. ನೆರಳಿನಲ್ಲಿ ಕೂತು ಪಾಠ ಹೇಳಿದರೆ ಸಾಕು, ಮಕ್ಕಳೇ ಮೀನು ತಂದುಕೊಡುತ್ತಾರೆ. ಈ ಕೆಸರು, ಈ ಮೊಸಳೆ ಯಾಕೆ ನಿನಗೆ?"

ಜಿಂಕೆಗಳೆಲ್ಲ ತುಂಗಿಯ ಮುಖ ನೋಡಿದವು. ಎರಡು ಮುದ್ರೆಯ ತೇಗದ ಎಲೆ! ನಿನ್ನೆಯ ತುಂಗಿಯಾಗಿದ್ದರೆ ಮೇಷ್ಟ್ರ ಮಾತು ಮುಗಿಯುವ ಮೊದಲೇ ಹೊರಟು ನಿಲ್ಲುತ್ತಿದ್ದಳು.

ತುಂಗಿ ಕೈಮುಗಿದು ಕೇಳಿದಳು: "ಮೇಷ್ಟ್ರೇ, ಒಂದು ಪ್ರಶ್ನೆ. ನೀವು ಈ ಹೊಳೆಯನ್ನು ಎಷ್ಟು ಸಲ ದಾಟಿದ್ದೀರಿ?"

"ಸಾವಿರ ಸಲ!"

"ಈಜಿ?"

"ಛೆ ಛೆ! ನನಗೆ ರೆಕ್ಕೆ ಇಲ್ಲವೇ? ಹಾರಿ!"

ಬೊಟ್ಟು ಕಿಸಕ್ಕೆಂದು ನಕ್ಕಿತು. ತಾರಕ್ಕ ನಕ್ಕಳು. ಇಡೀ ಹಿಂಡೇ ನಕ್ಕಿತು. ಮೇಷ್ಟ್ರಿಗೂ ತಾವು ಹೇಳಿದ್ದೇನೆಂದು ಆಗಲೇ ಹೊಳೆದದ್ದು. ಕೊಕ್ಕನ್ನು ರೆಕ್ಕೆಯೊಳಗೆ ಸೇರಿಸಿಕೊಂಡರು.

"ನೀವು ಕಲಿಸಿದ ಸುಳಿಯ ಹೆಸರು ನಾನು ಮರೆಯಲ್ಲ ಮೇಷ್ಟ್ರೇ," ತುಂಗಿ ಮೆತ್ತಗೆ ಹೇಳಿದಳು. "ಆದರೆ ನಾನು ಬಾಳಬೇಕಾದದ್ದು ನೀರಿನಲ್ಲಿ. ನೀರಿನಲ್ಲಿ ಬಾಳಿದವರ ಹತ್ತಿರವೇ ಕಲೀತೀನಿ."

ಹಾಗೆಂದು ಅವಳು ಈರತ್ತೆಯ ಕಡೆ ತಿರುಗಿದಳು. "ಅತ್ತೆ, ನನ್ನನ್ನು ಸೇರಿಸಿಕೊಳ್ತೀರಾ? ನಾಳೆ ಎಷ್ಟು ಹೊತ್ತಿಗೆ ಬರಲಿ?"

"ನಾಳೆ ಯಾಕೆ?" ಈರತ್ತೆ ಮೈಕೊಡವಿಕೊಂಡು ಎದ್ದಳು. "ಇಷ್ಟು ದೊಡ್ಡ ನೀರು ಬಂದ ಮೇಲೆ ಮರಳು, ಮಡು ಎಲ್ಲಾ ಜಾಗ ಬದಲಾಯಿಸಿರುತ್ತೆ. ಈಗ ಈ ಹೊಳೆ ನನಗೂ ಹೊಸದೇ. ಬಾ, ಇಬ್ಬರೂ ಮೊದಲಿನಿಂದ ಕಲಿಯೋಣ."

ದಡದಂಚಿನ ತೆಳು ನೀರಿಗೆ ಅತ್ತೆ ಮೊದಲು ಇಳಿದಳು. ತುಂಗಿ ಹಿಂದೆಯೇ ಇಳಿದಳು.

ನೀತಿ: ಪದವಿಯ ಮುದ್ರೆಗಿಂತ ಬಾಳಿ ಪಡೆದ ಅನುಭವ ದೊಡ್ಡದು, ಬದುಕಿನ ದಾರಿ ಆರಿಸಿಕೊಳ್ಳುವಾಗ ಆ ದಾರಿಯಲ್ಲಿ ನಡೆದವರನ್ನು ಕೇಳಬೇಕು.